ಹಿಂದೆ ಕೂರುವವರು ಬೇಡದ ಸ್ಟ್ಯಾಂಡು

ಹೆಸರು ಮೊದಲು ಕೇಳಿ ಆಮೇಲೆ ಚಿಕ್ಕಕ್ಕನನ್ನು ಕಂಡವರಿಗೆ ನಗು ತಡೆಯುವುದು ಕಷ್ಟ. ಚಿಕ್ಕದೆನ್ನುವುದು ಅವಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಆಳು ದೊಡ್ಡದು, ದನಿ ದೊಡ್ಡದು, ನಗು ಶುರುವಾಯಿತೆಂದರೆ ಅಂಗಳದ ಕೋಳಿಗಳು ಬೇಲಿ ದಾಟುತ್ತವೆ. ಹಿರೇಕೊಡಿಗೆಯ ತವರಿನಲ್ಲಿ ತಮ್ಮಂದಿರಿಗೆ ಇಬ್ಬರು ಅಕ್ಕಂದಿರು. ಮೊದಲನೆಯವಳು ದೊಡ್ಡಕ್ಕ, ಇವಳು ಚಿಕ್ಕಕ್ಕ. ಮದುವೆಯಾಗಿ ಬಸರೀಕಟ್ಟೆಯ ಪಕ್ಕದ ಕೇರಿಗೆ ಬಂದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಈಗ ಅವಳಿಗಿಂತ ಹಿರಿಯರೂ ಅವಳನ್ನು ಚಿಕ್ಕಕ್ಕ ಎಂದೇ ಕರೆಯುತ್ತಾರೆ, ಅವಳೂ ಓ ಎನ್ನುತ್ತಾಳೆ.

ಕಾಫಿ ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ಕೆಲಸ, ಅಡಿಕೆಯ ಕಾಲದಲ್ಲಿ ಸುಲಿಯುವ ಕೆಲಸ, ನಡುವೆ ಗದ್ದೆ ನೆಟ್ಟಿ. ಇದರಲ್ಲಿ ಅವಳಿಗೆ ಹೆಸರು ತಂದುಕೊಟ್ಟದ್ದು ಅಡಿಕೆ ಸುಲಿಯುವುದು. ಈಗ ಯಂತ್ರ ಬಂದಿದೆ ನಿಜ. ಆದರೆ ಯಂತ್ರದಲ್ಲಿ ಅಡಿಕೆ ಒಡೆಯುತ್ತದೆ ಎಂದು ಮೂಗು ಮುರಿಯುವ ಮನೆಗಳು ಅಡ್ಡಗದ್ದೆಯ ಕಡೆ ಇನ್ನೂ ಇವೆ, ಅಲ್ಲಿಗೆಲ್ಲ ಚಿಕ್ಕಕ್ಕನ ಹೆಂಗಸರ ಗುಂಪೇ ಬೇಕು. ಸುಲಿಯುವ ಮೆಟ್ಟುಗತ್ತಿಯನ್ನು ನೋಡದವರಿಗೆ ಹೇಳುವುದಾದರೆ, ಒಂದು ಮಣೆ, ಅದರ ಮುಂದಿನ ತುದಿಯಲ್ಲಿ ತುಸು ಬಾಗಿ ನಿಂತ ಕತ್ತಿ. ಹಿಂದಿನ ತುದಿಯ ಮೇಲೆ ಸುಲಿಯುವವಳು ಕೂರುತ್ತಾಳೆ. ಕತ್ತಿ ಅಲ್ಲಾಡದಂತೆ ಹಿಡಿದಿರುವುದು ಮೊಳೆಯಲ್ಲ, ಕೂತವಳ ಭಾರ. ಚಿಕ್ಕಕ್ಕ ಕೂತಳೆಂದರೆ ಕತ್ತಿ ನೆಲದಲ್ಲಿ ನೆಟ್ಟ ಹಾಗೆ ನಿಲ್ಲುತ್ತಿತ್ತು. ಅವಳ ಕೈ ಓಡುವ ಚಂದಕ್ಕೆ ಅದೇ ಕಾರಣ ಎಂದು ಗಂಡ ಬೂತಪ್ಪ ಹೇಳುತ್ತಿದ್ದ. ಕೇರಿಯ ಮೆಟ್ಟುಗತ್ತಿಗಳಲ್ಲಿ ಮುಕ್ಕಾಲುಪಾಲು ಮಾಡಿಕೊಟ್ಟವನು ಅವನೇ ಆದ್ದರಿಂದ ಆ ಮಾತಿನಲ್ಲಿ ಸ್ವಲ್ಪ ಸ್ವಂತ ಜಂಬವೂ ಸೇರಿತ್ತು.

ಇವರಿಗೆ ಒಬ್ಬಳೇ ಮಗಳು, ಮಾಲತಿ. ಕೊಪ್ಪದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮೈಕಟ್ಟು ತಾಯಿಯದು, ಹಟ ತಂದೆಯದು. ಈ ಎರಡೂ ಒಂದೇ ಕಡೆ ಸೇರಿದರೆ ಹುಡುಗಿ ಏನಾದಾಳು? ಹಗ್ಗಜಗ್ಗಾಟದವಳಾದಳು. ಹಗ್ಗದ ಕಟ್ಟಕಡೆಯಲ್ಲಿ ನಿಂತು, ಹಗ್ಗವನ್ನು ಬೆನ್ನಿಗೆ ಬಳಸಿ ಹೆಗಲ ಮೇಲಿಂದ ಇಳಿಸಿಕೊಂಡು, ಹಿಮ್ಮಡಿ ಊರಿ ಹಿಂದಕ್ಕೆ ವಾಲುವುದು ಅವಳ ಕೆಲಸ. ಮುಂದಿನವರೆಲ್ಲ ಜಾರಿದರೂ ಕೊನೆಯವಳು ಜಾರಕೂಡದು. ಕಾಲೇಜಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯದ ತಂಡಕ್ಕೆ ಹೋದಳು. ಊರಲ್ಲೆಲ್ಲ ಮಾಲತಿ ಎಳೆಯುವುದನ್ನು ಕಂಡವರೇ. ಕಾಣದವಳು ತಾಯಿ ಒಬ್ಬಳು. ಪಂದ್ಯಗಳೆಲ್ಲ ಬರುವುದು ಅಡಿಕೆ ಸುಲಿಯುವ ಕಾಲದಲ್ಲಿ. ಗುಂಪಿನ ಮುಂದಾಳು ಚಿಕ್ಕಕ್ಕನೇ. ಅವಳು ಎದ್ದು ಹೋದರೆ ಉಳಿದವರೂ ಒಂದೊಂದು ನೆಪ ಹೇಳಿ ಏಳುತ್ತಾರೆ, ಬೇಯಿಸಬೇಕಾದ ಅಡಿಕೆ ಒಣಗಿ ಕೂರುತ್ತದೆ. ಹೀಗಾಗಿ ಪ್ರತಿ ಸಲವೂ ಮುಂದಿನ ಸಲ ಎಂದು ಹೇಳಿಕೊಂಡೇ ವರ್ಷಗಳು ಕಳೆದಿದ್ದವು. ಅವಳಿಗೆ ಜೀವನದಲ್ಲಿ ಇನ್ನೇನೂ ನೋಡಬೇಕೆಂಬ ಆಸೆ ಇರಲಿಲ್ಲ, ಇದೊಂದಿತ್ತು.

ನರಸಿಂಹರಾಜಪುರದಲ್ಲಿ ನಡೆದ ಒಂದು ಪಂದ್ಯದಲ್ಲಿ ಮಾಲತಿಯ ತಂಡಕ್ಕೆ ಮೊದಲ ಬಹುಮಾನವಾಗಿ ದೊಡ್ಡದೊಂದು ಟಿ.ವಿ. ಬಂತು. ತಂಡದ ಹುಡುಗಿಯರೆಲ್ಲರ ಮನೆಯಲ್ಲೂ ಟಿ.ವಿ. ಇತ್ತು, ಮಾಲತಿಯ ಮನೆಯಲ್ಲಿ ಮಾತ್ರ ಇರಲಿಲ್ಲ. ನಿಮ್ಮಮ್ಮನಿಗೆ ಕೊಡು ಎಂದು ಎಲ್ಲರೂ ಸೇರಿ ಅದನ್ನು ಯೋಗೇಶನ ಜೀಪಿಗೆ ಏರಿಸಿದರು. ಕೊಪ್ಪಕ್ಕೂ ಬಸರೀಕಟ್ಟೆಗೂ ಜನ ಹೊತ್ತು ಓಡಾಡುವ ಜೀಪು ಅವನದು. ಮಾಲತಿ ಟಿ.ವಿ. ಇಳಿಸಿಕೊಟ್ಟು, "ಅಮ್ಮ, ಮುಂದಿನ ತಿಂಗಳು ಮಹಾರಾಷ್ಟ್ರದಲ್ಲಿ ರಾಷ್ಟ್ರಮಟ್ಟದ್ದು. ಯೂಟ್ಯೂಬಿನಲ್ಲಿ ಲೈವ್ ಬರ್ತದೆ. ಇನ್ನು ನೀ ನೆಪ ಹೇಳಂಗಿಲ್ಲ" ಎಂದು ಹೇಳಿ ತರಬೇತಿಗೆ ಹೋದಳು.

ಟಿ.ವಿ. ಬಂತು, ಅದನ್ನು ಇಡುವುದೆಲ್ಲಿ? ಅದರ ಜೊತೆ ಬಂದಿದ್ದ ಎರಡು ಕಾಲುಗಳು ಎರಡು ತುದಿಗೆ ಕೂರುವಂಥವು. ಅಷ್ಟು ಅಗಲದ ಮೇಜು ಕೇರಿಯಲ್ಲೇ ಇರಲಿಲ್ಲ. "ಇದೆಂತ ಕೋಳಿಕಾಲು" ಎಂದು ಬೂತಪ್ಪ ಅವನ್ನು ಅಡುಗೆಮನೆಯ ಗೋಡೆಗೆ ಹೊಡೆದು ತನ್ನ ಕತ್ತಿ, ಕಂಬಳಿ ನೇತುಹಾಕುವ ಗೂಟ ಮಾಡಿಕೊಂಡ. ಗೋಡೆಗೆ ಟಿ.ವಿ. ಸಿಕ್ಕಿಸೋಣವೆಂದು ಮೊಳೆ ಇಳಿಸಿ ನೋಡಿದರೆ, ಮೊಳೆಯ ಜೊತೆಗೆ ತೆಂಗಿನಕಾಯಿಯಷ್ಟು ಮಣ್ಣಿನ ಹೆಂಟೆಯೂ ಕೈಗೆ ಬಂತು. ಆಗ ಬೂತಪ್ಪನಿಗೆ ತನ್ನ ವಿದ್ಯೆ ನೆನಪಾಯಿತು. ಹಲಸಿನ ದಪ್ಪ ಹಲಗೆ ತಂದ. ಅದರ ಮುಂದಿನ ತುದಿಗೆ ಎರಡು ಗೂಟ ನಿಲ್ಲಿಸಿ, ಹೋಟೆಲಿನಲ್ಲಿ ಕಂಡ ಹಾಗೆ ಸಾಕಷ್ಟು ಮೇಲಕ್ಕೆ ಟಿ.ವಿ.ಯನ್ನು ಬಿಗಿದ. ಚಾಪೆಯ ಮೇಲೆ ಕೂತವರಿಗೂ ಕಾಣಲಿ ಎಂದು ಅದನ್ನು ತುಸು ಮುಂದಕ್ಕೆ ಬಾಗಿಸಿದ. ಹಲಗೆಯ ಹಿಂದಿನ ತುದಿ ಗೋಡೆಯ ಕಡೆಗೆ ಚಾಚಿಕೊಂಡಿತ್ತು.

ಚಿಕ್ಕಕ್ಕ ಸೊಂಟದ ಮೇಲೆ ಕೈಯಿಟ್ಟು ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಹೋಯ್, ಇದು ಮೆಟ್ಟುಗತ್ತಿ ಅಲ್ದಾ? ಟಿ.ವಿ. ಸುಲಿಯದಾ, ನೋಡದಾ?"

"ಮೆಟ್ಟುಗತ್ತಿ ಯಾವತ್ತಾದ್ರೂ ಬಿದ್ದದ್ದು ಕಂಡಿದ್ಯಾ ನೀನು?" ಎಂದ ಬೂತಪ್ಪ. "ಹಿಂದೆ ಭಾರ ಇದ್ರೆ ಮುಂದಿಂದು ಅಲ್ಲಾಡದಿಲ್ಲ ಮಾರಾಯ್ತಿ. ಇದರ ಮೇಲೆ ಒಂದು ಅಕ್ಕಿಮೂಟೆ ಇಡು, ಆಮೇಲೆ ಹೇಳು."

ಮೂಟೆ ಇಟ್ಟರು. ಟಿ.ವಿ. ಕಲ್ಲಿನ ಹಾಗೆ ನಿಂತಿತು. ಕೇರಿಯವರು ಬಂದು ನೋಡಿ ತಲೆದೂಗಿದರು. ಬೂತಪ್ಪ ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದ.

ಆದರೆ ಅಕ್ಕಿಮೂಟೆ ಎಂದರೆ ದಿನಾ ಅಕ್ಕಿ ತೆಗೆಯುವ ಮೂಟೆ. ಬೆಳಿಗ್ಗೆ ಗಂಜಿಗೆ ಅದರಿಂದಲೇ, ರಾತ್ರಿ ಅನ್ನಕ್ಕೆ ಅದರಿಂದಲೇ. ನೆಂಟರು ಬಂದರೆ ಇನ್ನೊಂದು ಸೇರು ಹೆಚ್ಚಿಗೆ. ಟಿ.ವಿ. ದಿನದಿಂದ ದಿನಕ್ಕೆ ಒಂದೊಂದು ನೂಲಿನಷ್ಟು ಮುಂದಕ್ಕೆ ಬಾಗುತ್ತಾ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ಸುದ್ದಿ ಓದುವವಳು ಮೊದಲು ಎದುರಿಗೆ ನೋಡುತ್ತಿದ್ದವಳು ಆಮೇಲೆ ಚಾಪೆ ನೋಡುತ್ತಿದ್ದಳು, ಕೊನೆಗೆ ಯಾರದೋ ಕಾಲಿಗೆ ಬೀಳುವವಳ ಹಾಗೆ ಬಗ್ಗಿದಳು. ಆಗ ಪಕ್ಕದ ಮನೆಯ ಹೊನ್ನಕ್ಕ, "ಇದೇನೆ ಚಿಕ್ಕಕ್ಕ, ನಿಮ್ಮ ಟಿ.ವಿ. ನಮಸ್ಕಾರ ಮಾಡ್ತಾ ಉಂಟು" ಎಂದಳು. ಹೊನ್ನಕ್ಕನ ಮೈ ಕಡ್ಡಿಯ ಹಾಗೆ, ನಾಲಿಗೆ ಮಾತ್ರ ಚೂಪು. ಮೂಟೆ ಎತ್ತಿ ನೋಡಿದರೆ ತಳದಲ್ಲಿ ಎರಡು ಮುಷ್ಟಿ ಅಕ್ಕಿ ಉಳಿದಿತ್ತು. ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಬೂತಪ್ಪ ಮಾತ್ರ ತಲೆ ಕೆರೆದುಕೊಂಡ.

ಒರಳುಕಲ್ಲು ಇಟ್ಟು ನೋಡಿದರು, ದುಂಡು ಕಲ್ಲು ಹಲಗೆಯ ಮೇಲೆ ನಿಲ್ಲಲಿಲ್ಲ. ಕೆಂಪುಕಲ್ಲು ತಂದು ಪೇರಿಸುತ್ತೇನೆಂದರೆ ಮನೆಯೊಳಗೆ ಕಲ್ಲಿನ ರಾಶಿ ಬೇಡವೆಂದು ಚಿಕ್ಕಕ್ಕ ಒಪ್ಪಲಿಲ್ಲ. ಕೊನೆಗೆ ಅವಳೇ ಹೋಗಿ ಹಲಗೆಯ ಹಿಂದಿನ ತುದಿಯ ಮೇಲೆ ಕೂತಳು. ಟಿ.ವಿ. ಗಪ್ಪನೆ ನೆಟ್ಟಗಾಯಿತು. ಅಂದಿನಿಂದ ಅದೇ ರೂಢಿಯಾಯಿತು. ನೋಡಿ ಮುಗಿದ ಮೇಲೆ ಟಿ.ವಿ.ಯನ್ನು ಹಲಗೆ ಸಮೇತ ಗೋಡೆಗೆ ಒರಗಿಸಿಡುತ್ತಿದ್ದರು. ಸಂಜೆ ಎಲ್ಲರೂ ಮುಂದೆ ಕೂತು ಸೀರಿಯಲ್ ನೋಡುವಾಗ ಚಿಕ್ಕಕ್ಕ ಗೋಡೆಗೂ ಟಿ.ವಿ.ಗೂ ನಡುವೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಟಿ.ವಿ.ಯ ಕಪ್ಪು ಬೆನ್ನು ಮತ್ತು ಒಂದು ಕೆಂಪು ದೀಪ. ಅವಳಿಗೆ ಬೇಸರವೇನೂ ಇರಲಿಲ್ಲ. ಅಳುವ ಸೊಸೆಯಂದಿರನ್ನು ಕೇಳಿದರೆ ಸಾಕು, ನೋಡಬೇಕೆಂದಿಲ್ಲ ಎನ್ನುತ್ತಿದ್ದಳು. ಅವಳು ನೋಡಬೇಕಾದದ್ದು ಬೇರೆ ಇತ್ತು, ಅದು ಮುಂದಿನ ತಿಂಗಳಿತ್ತು.

ಆ ದಿನವೂ ಬಂತು. ಮಾಲತಿಯ ತಂಡ ಸೆಮಿಫೈನಲಿಗೆ ಬಂದಿದೆ ಎಂದು ಸುದ್ದಿ ಸಿಕ್ಕಿದ್ದೇ ಚಿಕ್ಕಕ್ಕ ಅಡ್ಡಗದ್ದೆಯ ಮನೆಯವರಿಗೆ ರಜೆ ಹೇಳಿ ಕಳಿಸಿದಳು. ಕೇರಿಗೆ ಕೇರಿಯೇ ಟಿ.ವಿ. ಇದ್ದ ಅವಳ ಒಳಜಗಲಿಯಲ್ಲಿ ಸೇರಿತು. ಯೋಗೇಶ ತನ್ನ ಫೋನನ್ನು ಸಿಗ್ನಲ್ ಸಿಗುವ ಕಿಟಕಿಯ ಸರಳಿಗೆ ಕಟ್ಟಿ ಅದರ ನೆಟ್ಟಿನಿಂದ ಟಿ.ವಿ.ಗೆ ಯೂಟ್ಯೂಬ್ ತಂದ. ಮಕ್ಕಳು ಎಂದಿನಂತೆ ಮುಂದಿನ ಸಾಲಿನಲ್ಲಿ, ಟಿ.ವಿ.ಯ ಬುಡದಲ್ಲೇ ಕೂತರು. ಹಿಂದೆ ಕೂರುವವರು ಯಾರು?

"ಇವತ್ತು ನಾ ಕೂರದಿಲ್ಲ" ಎಂದಳು ಚಿಕ್ಕಕ್ಕ.

"ನೀ ಹೋಗೆ ಮುಂದೆ. ನಾನೂ ಪುಟ್ಟಕ್ಕನೂ ಕೂರ್ತೀವಿ" ಎಂದಳು ಹೊನ್ನಕ್ಕ. "ನಾವಿಬ್ರು ಸೇರಿದ್ರೆ ನಿನ್ನ ಒಬ್ಳ ಭಾರ ಆಗ್ತದೆ."

ಪುಟ್ಟಕ್ಕ ಎಂದರೆ ಹೊನ್ನಕ್ಕನ ಓರಗಿತ್ತಿ. ಇಬ್ಬರೂ ಹಿಂದೆ ಹೋಗಿ ಕೂತರು. ಚಿಕ್ಕಕ್ಕ ಮೊದಲ ಬಾರಿಗೆ ತನ್ನ ಮನೆಯ ಟಿ.ವಿ.ಯ ಮುಂದೆ ಚಾಪೆ ಹಾಸಿ ಕೂತಳು. ಕತ್ತು ಎತ್ತಿ ನೋಡಬೇಕಾಗಿತ್ತು, ಆದರೂ ನೋಡಿದಳು. ಹುಡುಗಿಯರು ಸಾಲಾಗಿ ಮೈದಾನಕ್ಕೆ ಬಂದರು. ಕೊನೆಯವಳ ಬೆನ್ನು ಕಂಡಿತು. ಅದು ಮಾಲತಿಯ ಬೆನ್ನೇ. ಹಗ್ಗ ಬಿಗಿಯಾಯಿತು, ಎಲ್ಲರೂ ಹೋ ಎಂದರು. ಟಿ.ವಿ.ಯ ಹಿಂದೆ ಇದ್ದವರು ಮನುಷ್ಯರಲ್ಲವೇ? ಒಂಚೂರು ನೋಡಿಬಿಡೋಣವೆಂದು ಹೊನ್ನಕ್ಕ ಒಂದು ಕಡೆಯಿಂದ ಎದ್ದಳು, ಅದೇ ಹೊತ್ತಿಗೆ ಪುಟ್ಟಕ್ಕನೂ ಇನ್ನೊಂದು ಕಡೆಯಿಂದ ಎದ್ದಳು.

ಹಲಗೆ ಎದ್ದಿತು. ಟಿ.ವಿ. ಮಕ್ಕಳ ಮೇಲೆ ಬಗ್ಗಿತು. ಪಕ್ಕದಲ್ಲಿ ನಿಂತಿದ್ದ ಬೂತಪ್ಪ ಹೇಗೆ ಹಾರಿದನೋ, ಅಡ್ಡ ಬಂದು ಎದೆಗೊಟ್ಟು ಅದನ್ನು ತಡೆದ. ಅವನ ಹಣೆಗೆ ಪೆಟ್ಟಾಯಿತು. ಚಿಕ್ಕಕ್ಕ ಎರಡು ಕೈಗೆ ಸಿಕ್ಕಿದಷ್ಟು ಮಕ್ಕಳನ್ನು ಬಾಚಿ ಎಳೆದುಕೊಂಡಳು. ಮಕ್ಕಳಿಗೆ ಏನೂ ಆಗಲಿಲ್ಲ, ಟಿ.ವಿ.ಗೂ ಏನೂ ಆಗಲಿಲ್ಲ. ವೈರು ಕಿತ್ತು ಬಂದಿತ್ತು, ಅಷ್ಟೇ. ಅದನ್ನು ಸಿಕ್ಕಿಸಿ, ಟಿ.ವಿ. ಮತ್ತೆ ಕಣ್ಣು ಬಿಟ್ಟು, ನೆಟ್ ಹಿಡಿದುಕೊಳ್ಳುವಷ್ಟರಲ್ಲಿ ಪಂದ್ಯ ಮುಗಿದು ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಕರ್ನಾಟಕ ಗೆದ್ದಿತ್ತು. ಫೈನಲ್ ಮರುದಿನ ಮಧ್ಯಾಹ್ನದ ಮೇಲೆ.

ಎಲ್ಲರೂ ಕುಣಿದರು. ಚಿಕ್ಕಕ್ಕನೂ ನಕ್ಕಳು, ಆದರೆ ಆ ನಗುವಿಗೆ ಒಂದು ಕೋಳಿಯೂ ಅಲ್ಲಾಡಲಿಲ್ಲ. ಮನೆಯ ಟಿ.ವಿ.ಯ ಎದುರಿಗೇ ಕೂತಿದ್ದೂ ಮಗಳು ಎಳೆಯುವುದನ್ನು ಅವಳು ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಗ್ಗಿದ ಟಿ.ವಿ.ಯ ಕೆಳಗೆ ಇದ್ದ ಆ ಪುಟ್ಟ ತಲೆಗಳು ಕಣ್ಣಿನಿಂದ ಹೋಗುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಕೊಪ್ಪಕ್ಕೆ ಹೋಗಿ ಅಂಗಡಿ ಸ್ಟ್ಯಾಂಡು ತರ್ತೀನಿ" ಎಂದಳು ಗಂಡನ ಹಣೆಗೆ ಅರಿಶಿನ ಹಚ್ಚುತ್ತಾ.

"ಎಂತಕ್ಕೆ? ಹಲಗೆ ಇನ್ನೊಂಚೂರು ಉದ್ದ ಮಾಡಿದ್ರೆ ಆಯ್ತು."

"ಎಷ್ಟು ಉದ್ದ ಮಾಡಿದ್ರೂ ಅದರ ಮೇಲೆ ಒಬ್ರು ಕೂರಬೇಕಲ್ದಾ? ನಾಳೆ ಯಾರೂ ಹಿಂದೆ ಕೂರದು ಬೇಡ. ಮಕ್ಕಳ ಮೇಲೆ ಬಿದ್ದಿದ್ರೆ ಎಂತ ಮಾಡ್ತಿದ್ರಿ?"

ಬೂತಪ್ಪ ಎದ್ದ. ಬೀಡಿ ಹಚ್ಚಿಕೊಂಡು ಅಂಗಳಕ್ಕೆ ಹೋದ. ಅವನಿಗೆ ಸಿಟ್ಟು ಬಂದಿದೆ ಎಂದೇ ಅವಳು ತಿಳಿದಳು. ಬರಲಿ ಎಂದುಕೊಂಡಳು.

ಬೆಳಿಗ್ಗೆ ಯೋಗೇಶನ ಮೊದಲ ಟ್ರಿಪ್ಪಿಗೇ ಹೊರಟಳು. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿ; ಮಂಚ, ಬೀರು, ಮಿಕ್ಸಿ, ಟಿ.ವಿ. ಎಲ್ಲ ಒಂದೇ ಕಡೆ. ಅಂಗಡಿ ನೋಡಿಕೊಳ್ಳುವವಳು ಅರ್ಪಣಾ, ಮಾಲತಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಕಸ ಗುಡಿಸಿ ದೇವರ ಪಟಕ್ಕೆ ಹೂ ಇಡುತ್ತಿದ್ದಳು.

"ಬನ್ನಿ ಅಮ್ಮಾ, ಎಂತ ಬೇಕಿತ್ತು?"

"ಟಿ.ವಿ. ಇಡಕ್ಕೆ ಒಂದು ಸ್ಟ್ಯಾಂಡು. ಬೀಳಬಾರದು, ಅಷ್ಟೇ."

"ಎಷ್ಟು ಇಂಚಿನ ಟಿ.ವಿ.?"

ಚಿಕ್ಕಕ್ಕ ಚೀಲದಿಂದ ಒಂದು ಬಾಳೆಹಗ್ಗ ತೆಗೆದಳು. ಅದಕ್ಕೆ ನಾಲ್ಕು ಗಂಟು. ಹೊರಗಿನ ಎರಡು ಟಿ.ವಿ.ಯ ಅಗಲ, ಒಳಗಿನ ಎರಡು ಕಾಲು ಸಿಕ್ಕಿಸುವ ತೂತುಗಳ ನಡುವಿನ ದೂರ. "ಇಂಚು ನಂಗೆ ಗೊತ್ತಾಗದಿಲ್ಲ ಅಮ್ಮಾ. ಇಷ್ಟು ಉಂಟು. ಎತ್ತಕ್ಕೆ ನಾನೊಬ್ಳೇ ಸಾಕು, ಬಾಗಿಲಲ್ಲಿ ತಿರುಗಿಸಕ್ಕೆ ಮಾತ್ರ ಮೂರು ಜನ ಬೇಕು" ಎಂದಳು. ಅರ್ಪಣಾಗೆ ಅಷ್ಟೇ ಸಾಕಾಯಿತು. ಹಗ್ಗವನ್ನು ಕೈಗೆ ತೆಗೆದುಕೊಂಡು, ಇದು ಒಳ್ಳೆ ಕೆಲಸ ಮಾಡಿದ್ರಿ, ತುಂಬ ಜನ ಅಳತೆಯೇ ತರುವುದಿಲ್ಲ ಎಂದಳು.

ಚಿಕ್ಕಕ್ಕನ ಮನಸ್ಸು ಹೋದದ್ದು ಗಾಜಿನ ಸ್ಟ್ಯಾಂಡಿನ ಮೇಲೆ. ಕಪ್ಪು ಗಾಜು, ಹೊಳೆಯುವ ಕಾಲುಗಳು. ಅದರಲ್ಲಿ ಅವಳ ಮುಖವೇ ಕಾಣುತ್ತಿತ್ತು. ಹೊನ್ನಕ್ಕ ಇದನ್ನು ಕಂಡರೆ ಬಾಯಿಗೆ ಬೀಗ ಬೀಳುತ್ತದೆ ಎಂದು ಒಳಗೊಳಗೇ ಹಿಗ್ಗಿದಳು. ಅರ್ಪಣಾ ಹಗ್ಗವನ್ನು ಗಾಜಿನ ಮೇಲೆ ಹಾಸಿದಳು. ಒಳಗಂಟುಗಳು ಸರಿಯಾಗಿ ಎರಡು ಅಂಚಿಗೆ ಬಂದು ಕೂತವು.

"ನೋಡಿ, ಟಿ.ವಿ. ಕಾಲು ಅಂಚಿಗೇ ಬರ್ತದೆ. ಯಾರಾದ್ರೂ ಹೋಗ್ತಾ ತಾಗಿದ್ರೆ ಮುಗೀತು. ಕಾಲಿನ ಆಚೆಗೆ ಎರಡು ಕಡೆಯೂ ಒಂದು ಗೇಣು ಜಾಗ ಉಳಿಬೇಕು. ಮನೆಗೆ ಮಕ್ಕಳು ಬರ್ತಾರಾ?"

"ಬರದಾ? ಬಂದವ್ರು ವಾಪಸ್ ಹೋಗದೇ ಇಲ್ಲ."

"ಹಾಗಾದ್ರೆ ಗಾಜು ಬೇಡ."

ಎರಡನೆಯದಕ್ಕೆ ಚಕ್ರಗಳಿದ್ದವು. ಎತ್ತರದ ಕಂಬ, ಕೆಳಗೆ ನಾಲ್ಕು ಗಾಲಿ, ಬೆರಳಿನಿಂದ ದೂಡಿದರೂ ಓಡುತ್ತಿತ್ತು. ಚಿಕ್ಕಕ್ಕ ಅದನ್ನು ಅಂಗಡಿಯ ಆ ಮೂಲೆಯಿಂದ ಈ ಮೂಲೆಗೆ ಓಡಿಸಿ ನೋಡಿದಳು. ಇದಾದರೆ ಟಿ.ವಿ.ಯನ್ನು ಅಂಗಳಕ್ಕೇ ತಳ್ಳಿಕೊಂಡು ಹೋಗಿ ಇಡೀ ಕೇರಿಗೆ ತೋರಿಸಬಹುದು. ಅದೇ ಇರಲಿ ಎಂದಳು.

"ನಿಮ್ಮ ಮನೆ ನೆಲ ಎಂತದು ಅಮ್ಮಾ?"

"ಸಗಣಿ ಸಾರಿಸಿದ್ದು. ಒಂಚೂರು ಬಾಗಿಲ ಕಡೆಗೆ ವಾಟ ಉಂಟು."

"ಮತ್ತೆ ಇದು ನಿಮ್ಮನ್ನ ಕೇಳದೇನೇ ಅಂಗಳಕ್ಕೆ ಹೋಗ್ತದೆ."

ಚಿಕ್ಕಕ್ಕನಿಗೆ ಟಿ.ವಿ. ಮೆಲ್ಲಗೆ ಹೊಸ್ತಿಲು ದಾಟಿ ಹೋಗುವುದು ಕಣ್ಣಿಗೆ ಕಟ್ಟಿತು, ನಗು ಒತ್ತರಿಸಿ ಬಂತು. ಅಂಗಡಿಯ ಹೊರಗೆ ನಿಂತಿದ್ದವರು ತಿರುಗಿ ನೋಡುವಷ್ಟು ನಕ್ಕಳು. ಅರ್ಪಣಾಳೂ ನಕ್ಕಳು. ಆಮೇಲೆ ಇಬ್ಬರೂ ಬೀರುಗಳ ಸಂದಿಯಲ್ಲಿದ್ದ ಮೂರನೆಯದರ ಮುಂದೆ ಬಂದು ನಿಂತರು.

ಅದರಲ್ಲಿ ನೋಡಲು ಏನೂ ಇರಲಿಲ್ಲ. ಕಬ್ಬಿಣದ ಚೌಕಟ್ಟು, ಮೇಲೆ ದಪ್ಪ ಹಲಗೆ, ಮೊಣಕಾಲಿನ ಎತ್ತರ, ಉದ್ದ ಮಾತ್ರ ಸಾಕಷ್ಟು. "ಇದು ಸ್ಕೂಲಿನ ಬೆಂಚಲ್ದಾ?" ಎಂದಳು ಚಿಕ್ಕಕ್ಕ. ಅರ್ಪಣಾ ಹಗ್ಗ ಹಾಸಿ ತೋರಿಸಿದಳು. ಒಳಗಂಟುಗಳ ಆಚೆಗೆ ಎರಡು ಕಡೆಯೂ ಗೇಣಿಗಿಂತ ಹೆಚ್ಚು ಜಾಗವಿತ್ತು. ಕೆಳಗೆ ಬಗ್ಗಿ ಕಾಲುಗಳ ತಿರುಪು ತೋರಿಸಿದಳು, ನೆಲದ ವಾಟಕ್ಕೆ ಸರಿಯಾಗಿ ಒಂದೊಂದು ಕಾಲನ್ನೂ ಏರಿಸಿ ಇಳಿಸಿ ಮಟ್ಟ ಮಾಡಬಹುದು. ಭಾರವೆಲ್ಲ ಕೆಳಗೇ ಇರುವುದರಿಂದ ಇದು ಅಷ್ಟು ಸುಲಭಕ್ಕೆ ಮಗುಚುವುದಿಲ್ಲ, ಚಾಪೆ ಮೇಲೆ ಕೂತು ನೋಡುವವರ ಕಣ್ಣಿಗೆ ಈ ಎತ್ತರವೇ ಸರಿ, ಕತ್ತು ನೋಯುವುದಿಲ್ಲ ಎಂದಳು. ಟಿ.ವಿ.ಯ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ಇದು ಹೊರುತ್ತದೆ ಎಂದೂ ಸೇರಿಸಿದಳು.

"ಎಷ್ಟು ಹೊರ್ತದೆ ಅಂತ ಹೇಳಿದ್ರೆ ಹೆಂಗೆ ಗೊತ್ತಾಗದು? ಕೂತು ನೋಡ್ಬಹುದಾ?"

ಅರ್ಪಣಾ ಆ ದೇಹವನ್ನೂ ಸ್ಟ್ಯಾಂಡನ್ನೂ ಒಂದು ಸಲ ನೋಡಿದಳು. ಅಂಗಡಿ ಇಟ್ಟುಕೊಂಡು ಇಷ್ಟು ವರ್ಷದಲ್ಲಿ ಟಿ.ವಿ. ಸ್ಟ್ಯಾಂಡಿನ ಮೇಲೆ ಕೂರುತ್ತೇನೆಂದವರು ಯಾರೂ ಇರಲಿಲ್ಲ. "ಕೂತ್ಕೊಳ್ಳಿ, ನಡುವೆ ಕೂತ್ಕೊಳ್ಳಿ" ಎಂದಳು ಕೊನೆಗೆ.

ಚಿಕ್ಕಕ್ಕ ಸೆರಗು ಸಿಕ್ಕಿಸಿ ಕೂತಳು. ಮೆಟ್ಟುಗತ್ತಿಯ ಮೇಲೆ ಕೂತಾಗ ಮಾಡುವಂತೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿದಳು. ಕುಯ್ ಎನ್ನಲಿಲ್ಲ, ಅಲ್ಲಾಡಲಿಲ್ಲ. ಅವಳ ಮುಖ ಅರಳಿತು. ಬಸ್ಸಿನ ಸೀಟಿನಿಂದ ಹಿಡಿದು ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯವರೆಗೆ ಅವಳು ಕೂತಾಗ ಏನಾದರೊಂದು ಗೊಣಗದ ವಸ್ತುವೇ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಕೇಳಲೇಬೇಕಾದ ಪ್ರಶ್ನೆ ಕೇಳಿದಳು.

"ಅಮ್ಮಾ, ಇದಕ್ಕೆ ಹಿಂದೆ ಯಾರೂ ಕೂರದು ಬೇಡ ಅಲ್ದಾ?"

"ಹಿಂದೆ ಯಾಕೆ ಕೂರಬೇಕು?"

ಚಿಕ್ಕಕ್ಕ ಎಲ್ಲವನ್ನೂ ಹೇಳಿದಳು. ಮಗಳ ಪಂದ್ಯ, ಮೆಟ್ಟುಗತ್ತಿ, ಅಕ್ಕಿಮೂಟೆ, ನಮಸ್ಕಾರ, ಹೊನ್ನಕ್ಕ, ಪುಟ್ಟಕ್ಕ. ಮೊದಲು ನಗುತ್ತಿದ್ದ ಅರ್ಪಣಾ ಮಕ್ಕಳ ಮೇಲೆ ಟಿ.ವಿ. ಬಗ್ಗಿದ ಮಾತು ಬಂದಾಗ ನಗು ನಿಲ್ಲಿಸಿದಳು. "ಇದಕ್ಕೆ ಯಾರೂ ಕೂರದು ಬೇಡ. ಆದರೂ ಟಿ.ವಿ. ಬೆನ್ನಿಗೆ ಒಂದು ಪಟ್ಟಿ ಹಾಕಿ ಎಲ್ಲಾದ್ರೂ ಗಟ್ಟಿ ಜಾಗಕ್ಕೆ ಕಟ್ಟಿ. ಗೋಡೆ ಮಣ್ಣಿಂದು ಅಂದ್ರಲ್ಲ, ಮನೇಲಿ ಮರದ ಕಂಬ ಉಂಟಾ?" ಎಂದು ಕೇಳಿದಳು. ಉಂಟು ಎಂದಳು ಚಿಕ್ಕಕ್ಕ. ಹೆಂಗಸರ ಸಂಘದಲ್ಲಿ ಕೂಡಿಟ್ಟಿದ್ದ ದುಡ್ಡು ಸ್ಟ್ಯಾಂಡಿಗೂ ಪಟ್ಟಿಗೂ ಸಾಕಾಯಿತು.

ಆದರೆ ಅರ್ಪಣಾ ಒಳಗಿನಿಂದ ತಂದದ್ದು ಚಪ್ಪಟೆಯಾದ ಒಂದು ರಟ್ಟಿನ ಪೆಟ್ಟಿಗೆ. ಬಿಡಿಭಾಗಗಳು ಅದರೊಳಗಿವೆ, ಮನೆಯಲ್ಲಿ ಜೋಡಿಸಿಕೊಳ್ಳಬೇಕು ಎಂದಳು. ಚಿಕ್ಕಕ್ಕ ತಲೆಯಾಡಿಸಿದಳು.

"ಅದು ನಂಗೆ ಬೇಡ. ನಾ ಕೂತದ್ದೇ ಬೇಕು."

"ಎರಡೂ ಒಂದೇ ಅಮ್ಮಾ."

"ಒಂದೇ ಇರಬಹುದು. ಅದರ ಮೇಲೆ ನಾ ಕೂತಿಲ್ಲಲ್ಲ."

ಅರ್ಪಣಾ ನಕ್ಕಳು. ಜೋಡಿಸಿಟ್ಟಿದ್ದ ಸ್ಟ್ಯಾಂಡನ್ನೇ ಜೀಪಿನ ಮೇಲೇರಿಸಿ ಕಟ್ಟಿ, ಮಾಲತಿಗೆ ಶುಭಾಶಯ ಹೇಳಿ ಕಳಿಸಿದಳು. ದಾರಿಯುದ್ದಕ್ಕೂ ಯೋಗೇಶ ನಿಲ್ಲಿಸಿದಲ್ಲೆಲ್ಲ ಜನ, ಮೇಲಿರುವುದು ಏನೆಂದು ಕೇಳಿದರು. ಅವನು ಫೈನಲಿನ ಸುದ್ದಿ ಹೇಳಿದ. ಬಸರೀಕಟ್ಟೆ ಮುಟ್ಟುವ ಹೊತ್ತಿಗೆ ಜೀಪಿನ ಹಿಂದೆ ನಾಲ್ಕಾರು ಬೈಕುಗಳೂ ಬರುತ್ತಿದ್ದವು.

ಮನೆಯೊಳಗೆ ಕಾಲಿಟ್ಟ ಚಿಕ್ಕಕ್ಕ ಹೊಸ್ತಿಲಲ್ಲೇ ನಿಂತಳು. ಟಿ.ವಿ. ಹಳೆಯ ಹಲಗೆಯ ಮೇಲೆ ನೆಟ್ಟಗೆ ನಿಂತಿತ್ತು. ಅದರ ಹಿಂದೆ, ಗೋಡೆಗೆ ಒರಗಿ, ಬೂತಪ್ಪ ಕೂತಿದ್ದ. ಅವನ ಮೈಯಲ್ಲಿ ಅಷ್ಟು ಭಾರವೆಲ್ಲಿ? ಅದಕ್ಕೇ ತೊಡೆಯ ಮೇಲೆ ಹೊಸ ಅಕ್ಕಿಮೂಟೆ ಇಟ್ಟುಕೊಂಡು ಎರಡು ಕೈಯಲ್ಲೂ ಅದನ್ನು ತಬ್ಬಿ ಹಿಡಿದಿದ್ದ. ಹಣೆಯ ಅರಿಶಿನ ಇನ್ನೂ ಹೋಗಿರಲಿಲ್ಲ.

"ಎಂತ ಮಾಡ್ತಾ ಇದೀರಿ?"

"ಸರಿಯಾದ ಸ್ಟ್ಯಾಂಡು ಸಿಗದಿದ್ರೆ ಅಂತ" ಎಂದ ಬೂತಪ್ಪ ಮೂಟೆಯ ಮೇಲಿಂದ. "ಎಷ್ಟು ಹೊತ್ತು ಕೂರಕ್ಕೆ ಆಗ್ತದೆ ಅಂತ ನೋಡ್ತಿದ್ದೆ. ನೀ ಮುಂದೆ ಕೂತು ಪೂರ್ತಿ ನೋಡು. ನಾ ಏಳದಿಲ್ಲ."

ಚಿಕ್ಕಕ್ಕನಿಗೆ ನಗು ಬಂತು. ಸಿಟ್ಟು ಎಂದುಕೊಂಡಿದ್ದಳಲ್ಲ, ಅಂಗಳದಲ್ಲಿ ಬೀಡಿ ಸೇದುತ್ತಾ ಅವನು ಯೋಚಿಸಿದ್ದು ಇದನ್ನು. ಹತ್ತಿರ ಹೋಗಿ ಮೂಟೆಯನ್ನು ಎತ್ತಿ ಕೆಳಗಿಟ್ಟಳು.

"ಅವಳಿಗೆ ಅಪ್ಪ ಅಂತ ಒಬ್ರು ಇದ್ದಾರಲ್ಲ, ಅವರು ನೋಡದು ಬೇಡ್ವಾ?" ಎಂದಳು.

ಬೂತಪ್ಪ ಎದ್ದು ಹೊಸ ಸ್ಟ್ಯಾಂಡನ್ನು ಸುತ್ತು ಹಾಕಿ ನೋಡಿದ. ಕೈಯಿಂದ ಒತ್ತಿದ, ಕಾಲಿನಿಂದ ದೂಡಿದ. ಆಮೇಲೆ ಅಡುಗೆಮನೆಗೆ ಹೋದ. ಗೋಡೆಯಿಂದ ಕಂಬಳಿ ಇಳಿಸಿ, ಕತ್ತಿ ಇಳಿಸಿ, ಆ ಎರಡು ಕೋಳಿಕಾಲುಗಳನ್ನು ಕಿತ್ತು ಸೀರೆಯ ತುಂಡಿನಲ್ಲಿ ಒರೆಸಿಕೊಂಡು ಬಂದ. ಅವನ್ನು ಟಿ.ವಿ.ಗೆ ಸಿಕ್ಕಿಸಿ, ಯೋಗೇಶನೂ ಅವನೂ ಎತ್ತಿ ಸ್ಟ್ಯಾಂಡಿನ ಮೇಲಿಟ್ಟರು. ತಿರುಪು ತಿರುಗಿಸಿ, ನೀರು ತುಂಬಿದ ತಟ್ಟೆಯಿಟ್ಟು ಮಟ್ಟ ನೋಡಿದರು. ಪಟ್ಟಿಯನ್ನು ಟಿ.ವಿ.ಯ ಬೆನ್ನಿಗೆ ಬಿಗಿದು, ಅದರ ತುದಿಗೆ ಹಗ್ಗ ಕೊಟ್ಟು, ಜಗಲಿಯ ಕಂಬಕ್ಕೆ ಗಂಟು ಹಾಕಿದವನು ಬೂತಪ್ಪ. ಎತ್ತು ಎಳೆದರೂ ಬಿಚ್ಚದ ಗಂಟು ಅದು. "ಈಗ ಎಲ್ಲರೂ ಮುಂದೆ ಬನ್ನಿ" ಎಂದು ಅವನೇ ಕರೆದ.

ಎಲ್ಲರೂ ಮುಂದೆ ಬಂದರು. ಹೊನ್ನಕ್ಕ ಅಭ್ಯಾಸಕ್ಕೆ ಬಿದ್ದು ಒಂದು ಸಲ ಹಿಂದೆ ಇಣುಕಿ, ಅಲ್ಲಿ ಕೂರುವ ಜಾಗವೇ ಇಲ್ಲವೆಂದು ಕಂಡು ಬಂದಳು. ಚಿಕ್ಕಕ್ಕ ನಟ್ಟನಡುವೆ ಕೂತಳು, ಪಕ್ಕದಲ್ಲಿ ಬೂತಪ್ಪ. ಕತ್ತು ಎತ್ತಬೇಕಿರಲಿಲ್ಲ. ಹುಡುಗಿಯರು ಬಂದು ಹಗ್ಗ ಹಿಡಿದಾಗ ಮಾಲತಿ ಅವಳ ಕಣ್ಣಿನ ನೇರಕ್ಕೇ ಇದ್ದಳು.

ಎದುರಿಗೆ ಕೇರಳದ ತಂಡ. ಮೊದಲನೆಯ ಎಳೆತ ಕೇರಳಕ್ಕೆ ಹೋಯಿತು, ಎರಡನೆಯದು ಕರ್ನಾಟಕಕ್ಕೆ ಬಂತು. ಮೂರನೆಯದರಲ್ಲಿ ಹಗ್ಗ ಆಚೆಗೂ ಹೋಗಲಿಲ್ಲ, ಈಚೆಗೂ ಬರಲಿಲ್ಲ. ಕ್ಯಾಮೆರಾ ಸಾಲಿನ ಉದ್ದಕ್ಕೂ ಹೋಗಿ ಕೊನೆಯವಳ ಹತ್ತಿರ ನಿಂತಿತು. ಮಗಳ ಮುಖ ಟಿ.ವಿ.ಯ ಅಷ್ಟಗಲಕ್ಕೂ ಬಂತು. ಹಲ್ಲು ಕಚ್ಚಿದ್ದಳು, ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಎಲ್ಲೂ ನೋಡುತ್ತಿರಲಿಲ್ಲ. ಚಿಕ್ಕಕ್ಕ ಆ ಮುಖವನ್ನು ಹೆತ್ತಂದಿನಿಂದ ನೋಡಿದ್ದಳು, ಹೀಗೆ ನೋಡಿರಲಿಲ್ಲ. ಜಗಲಿಯಲ್ಲಿ ಎಲ್ಲರೂ ಕೂಗುತ್ತಿದ್ದರು. ಚಿಕ್ಕಕ್ಕ ತನಗೇ ಗೊತ್ತಿಲ್ಲದ ಹಾಗೆ ಹಿಮ್ಮಡಿ ಚಾಪೆಗೆ ಊರಿ ಹಿಂದಕ್ಕೆ ವಾಲಿದ್ದಳು. ಅವಳ ಬೆನ್ನಿಗೆ ಕೂತಿದ್ದ ಪುಟ್ಟಕ್ಕ ಒರಗಿದಳು, ಪುಟ್ಟಕ್ಕನ ಹಿಂದಿನವರೂ ಒರಗಿದರು. ಹಗ್ಗ ಈಚೆಗೆ ಬಂದ ಕ್ಷಣ ಇಡೀ ಜಗಲಿ ಅಂಗಾತ ಬಿತ್ತು. ಟಿ.ವಿ. ಮಾತ್ರ ಅಲ್ಲಾಡದೆ ನಿಂತಿತ್ತು.

ಸಂಜೆ ಮಾಲತಿಯ ಫೋನು ಬಂತು. ಅವಳ ಹಿಂದೆ ಹುಡುಗಿಯರ ಗಲಾಟೆ, ಯಾರೋ ಹಾಡುತ್ತಿದ್ದರು. ಹಲಗೆಯ ಕಥೆಯನ್ನು ಯೋಗೇಶ ಮೊದಲೇ ಅವಳಿಗೆ ಫೋನಿನಲ್ಲಿ ಹೇಳಿದ್ದ.

"ಅಮ್ಮ, ಗೆದ್ವಿ. ಈ ಸಲ ನೋಡಿದ್ಯಾ, ಇಲ್ಲಾ ಹಿಂದೆ ಕೂತಿದ್ಯಾ?"

"ನೋಡ್ದೆ ಮಗಾ."

"ಸುಳ್ಳು ಹೇಳ್ಬೇಡ."

"ಮೂರನೇದ್ರಲ್ಲಿ ನಿನ್ನ ಎಡಗಾಲು ಒಂದು ಸಲ ಜಾರ್ತು" ಎಂದಳು ಚಿಕ್ಕಕ್ಕ. "ನೀ ಬಗ್ಗಿ ಕೆಳಗೆ ನೋಡ್ಲಿಲ್ಲ. ಹಂಗೇ ಹಿಮ್ಮಡಿಯಲ್ಲಿ ಮಣ್ಣು ಕೆರೆದು ಮತ್ತೆ ಊರಿದೆ. ಆವಾಗ ನಿನ್ನ ಗಲ್ಲದ ಮೇಲಿಂದ ಒಂದು ಹನಿ ಬೆವರು ಹಗ್ಗದ ಮೇಲೆ ಬಿತ್ತು. ಅದನ್ನೂ ನೋಡ್ದೆ."

ಆ ಕಡೆಯಿಂದ ಹುಡುಗಿಯರ ಹಾಡು ಕೇಳುತ್ತಿತ್ತು. ಅದರ ನಡುವೆ ಮಗಳು ಮೂಗು ಸೆಳೆದುಕೊಂಡದ್ದು ಕೇಳಿ ಚಿಕ್ಕಕ್ಕ ಫೋನನ್ನು ಬೂತಪ್ಪನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.